ಗುರುದತ್ತ್ ಮತ್ತು ನಡೆಯದ ಎರಡನೇ ಭೇಟಿ

ಈ ಲೇಖನದಲ್ಲಿ ಆತ್ಮಹತ್ಯೆಯ ವಿಷಯ ಬರುತ್ತದೆ. ಓದುವಾಗ ಮನಸ್ಸಿಗೆ ಕಷ್ಟವಾದರೆ ಇಲ್ಲೇ ನಿಲ್ಲಿಸಿ 14416ಕ್ಕೆ ಕರೆ ಮಾಡಿ. ಇದು ಭಾರತ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಯಾರದಾದರೂ ಜೀವಕ್ಕೆ ಈಗಲೇ ಅಪಾಯವಿದೆ ಎನಿಸಿದರೆ ತಡಮಾಡದೆ 112 ಅಥವಾ 108ಕ್ಕೆ ಕರೆ ಮಾಡಿ.

ನಾನು ಓದಿದ್ದು ಫಾರ್ಮಸಿ. ಈಗ ಹೆಚ್ಚಾಗಿ ಆರೋಗ್ಯದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಕೆಲವು ವರ್ಷ ಪವಾಯಿಯ ಒಂದು ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೆ. ಒಂದು ಸಂಜೆ ನಮ್ಮ ಕರಾವಳಿ ಕಡೆಯ ಹೆಂಗಸೊಬ್ಬರು ಚೀಟಿ ಹಿಡಿದು ಬಂದರು. ನನ್ನ ಕನ್ನಡ ಕೇಳಿ ಅವರಿಗೆ ಧೈರ್ಯ ಬಂದಿತ್ತು. ಮನೆಯವರು ಆಸ್ಪತ್ರೆಯಿಂದ ಬಂದು ವಾರವಾಯಿತು, ಈಗ ಚೆನ್ನಾಗಿದ್ದಾರೆ, ಊಟ ಮಾಡುತ್ತಾರೆ, ಕೆಲಸಕ್ಕೂ ಹೋಗುತ್ತೇನೆ ಅನ್ನುತ್ತಿದ್ದಾರೆ. ಹಾಗಿದ್ದ ಮೇಲೆ ಮನೋವೈದ್ಯರ ಹತ್ತಿರ ಮತ್ತೆ ಹೋಗಲೇಬೇಕಾ ಎಂದು ತಗ್ಗಿದ ಧ್ವನಿಯಲ್ಲಿ ಕೇಳಿದರು. ಅವರ ಹಿಂದೆ ಆರೇಳು ಜನ ನಿಂತಿದ್ದರು. ಡಾಕ್ಟರು ಹೇಳಿದ ತಾರೀಖಿಗೆ ಹೋಗಿ ಬನ್ನಿ ಅಕ್ಕ ಎಂದಷ್ಟೇ ಹೇಳಿ ಚಿಲ್ಲರೆ ಕೊಟ್ಟೆ. ಉತ್ತರ ತಪ್ಪಾಗಿರಲಿಲ್ಲ, ಆದರೆ ಸಾಲುವಂಥದ್ದೂ ಆಗಿರಲಿಲ್ಲ. ಯಾಕೆ ಹೋಗಬೇಕು, ಎಲ್ಲಿಗೆ ಹೋಗಬೇಕು, ದುಡ್ಡು ಎಷ್ಟಾಗುತ್ತದೆ, ಪೊಲೀಸರ ತೊಂದರೆ ಇದೆಯಾ ಎಂಬುದೆಲ್ಲ ಅವರ ಪ್ರಶ್ನೆಯ ಒಳಗೇ ಇತ್ತು.

ಅವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ನನಗೆ ನೆನಪಾಗುವುದು ಗುರುದತ್ತ್ ಅವರ ಬದುಕು. ಹಿಂದಿ ಸಿನಿಮಾ ನೋಡದವರೂ ಆ ಹೆಸರು ಕೇಳಿರುತ್ತಾರೆ. ಅವರ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು.

ಗುರುದತ್ತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆಯಲ್ಲಿ ಇಟ್ಟ ಹೆಸರು ವಸಂತಕುಮಾರ್. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಪಡುಕೋಣೆ ಎಂಬುದು ಕುಂದಾಪುರ ಕಡೆಯ ಊರಿನ ಹೆಸರು. ಮನೆಮಾತು ಕೊಂಕಣಿ, ಓದು ಬರಹದ ಭಾಷೆ ಕನ್ನಡ. ತಾಯಿ ಶಾಲೆಯಲ್ಲಿ ಕಲಿಸುತ್ತಿದ್ದರು, ಬಂಗಾಳಿ ಪುಸ್ತಕಗಳನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದರು. ಅನುವಾದದಿಂದಲೇ ಹೊಟ್ಟೆ ಹೊರೆಯುವ ನನಗೆ ಈ ಸಂಗತಿ ಗೊತ್ತಾದ ದಿನದಿಂದ ಆ ತಾಯಿಯ ಮೇಲೆ ಒಂದು ವಿಶೇಷ ಅಕ್ಕರೆ. ಮಗು ಚಿಕ್ಕದಿದ್ದಾಗ ಒಂದು ಅಪಘಾತವಾಯಿತು, ಹಳೆಯ ಹೆಸರು ಆಗಿಬರಲಿಲ್ಲವೆಂದು ಗುರುದತ್ತ ಎಂದು ಬದಲಾಯಿಸಿದರು.

ಬಾಲ್ಯ ಕಳೆದದ್ದು ಕಲ್ಕತ್ತೆಯಲ್ಲಿ. ಮನೆಯಲ್ಲಿ ಹಣದ ಬಿಗಿ ಇತ್ತು, ಕಾಲೇಜು ಓದಲಾಗಲಿಲ್ಲ. 1940ರ ದಶಕದ ಆರಂಭದಲ್ಲಿ ಅಲ್ಮೋಡಾದಲ್ಲಿದ್ದ ಉದಯಶಂಕರರ ಕಲಾಕೇಂದ್ರಕ್ಕೆ ಸೇರಿ ನೃತ್ಯ ಕಲಿತರು. 1944ರಲ್ಲಿ ಆ ಕೇಂದ್ರ ಮುಚ್ಚಿತು. ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಬೇರೆಯವರ ಮಾತನ್ನು ಈ ತುದಿಯಿಂದ ಆ ತುದಿಗೆ ಜೋಡಿಸುವ ಕೆಲಸ. ಅದು ಹೆಚ್ಚು ದಿನ ನಡೆಯಲಿಲ್ಲ. ಮುಂಬಯಿಗೆ ಬಂದು, ಅಲ್ಲಿಂದ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಮೂರು ವರ್ಷದ ಕರಾರಿನ ಮೇಲೆ ಸೇರಿದರು. ದೇವ್ ಆನಂದ್ ಪರಿಚಯವಾದದ್ದು ಅಲ್ಲೇ. ಇಬ್ಬರಲ್ಲಿ ಯಾರು ಮೊದಲು ಮೇಲೆ ಬಂದರೂ ಇನ್ನೊಬ್ಬನನ್ನು ಕರೆದುಕೊಳ್ಳಬೇಕು ಎಂಬ ಮಾತು ಅವರೊಳಗೆ ಆಗಿತ್ತು.

ಕರಾರು ಮುಗಿದ ಮೇಲೆ ಸುಮಾರು ಹತ್ತು ತಿಂಗಳು ಕೆಲಸವಿಲ್ಲ. ಮಾಟುಂಗಾದಲ್ಲಿ ಮನೆಯವರ ಜೊತೆ ಇದ್ದರು. ಇವತ್ತಿಗೂ ಮುಂಬಯಿ ಕನ್ನಡಿಗರಿಗೆ ಮಾಟುಂಗಾ ಎಂದರೆ ಅರ್ಧ ಊರು. ಆ ಖಾಲಿ ತಿಂಗಳುಗಳಲ್ಲಿ ಜಗತ್ತು ಗುರುತಿಸದ ಕಲಾವಿದನೊಬ್ಬನ ಕಥೆ ಬರೆದಿಟ್ಟರು. ಹತ್ತು ವರ್ಷದ ನಂತರ ಅದೇ ‘ಪ್ಯಾಸಾ’ ಆಯಿತು.

ದೇವ್ ಆನಂದ್ ಮಾತು ಉಳಿಸಿಕೊಂಡರು. 1951ರಲ್ಲಿ ನವಕೇತನ್ ಸಂಸ್ಥೆಯ ‘ಬಾಜಿ’ ಗುರುದತ್ತ್ ನಿರ್ದೇಶನದಲ್ಲಿ ಬಂದು ಗೆದ್ದಿತು. ಅದರ ಹಾಡಿನ ಧ್ವನಿಮುದ್ರಣದ ಸಮಯದಲ್ಲಿ ಗಾಯಕಿ ಗೀತಾ ರಾಯ್ ಪರಿಚಯವಾದರು, 1953ರಲ್ಲಿ ಮದುವೆಯಾಯಿತು, ಮೂವರು ಮಕ್ಕಳಾದರು. ‘ಆರ್ ಪಾರ್’, ‘ಮಿಸ್ಟರ್ ಆ್ಯಂಡ್ ಮಿಸೆಸ್ 55’, ಇವರು ನಿರ್ಮಿಸಿದ ‘ಸಿಐಡಿ’, ಎಲ್ಲವೂ ಜನಕ್ಕೆ ಹಿಡಿಸಿದವು. ಬಸ್ ಕಂಡಕ್ಟರ್ ಆಗಿದ್ದವರು ಜಾನಿ ವಾಕರ್ ಆಗಿ ನಗಿಸಿದ್ದು ಈ ಕಾಲದಲ್ಲೇ. ಕ್ಯಾಮೆರಾ ಹಿಂದೆ ಇದ್ದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. 1957ರಲ್ಲಿ ‘ಪ್ಯಾಸಾ’ ಬಂತು.

ಹೊರಗಿನಿಂದ ನೋಡಿದವರಿಗೆ ಇದು ಏರುತ್ತಲೇ ಹೋದ ಬದುಕು. ಪಾಲಿ ಹಿಲ್‌ನಲ್ಲಿ ಬಂಗಲೆ, ಹೆಸರು, ಹಣ, ಸಂಸಾರ ಎಲ್ಲವೂ ಇತ್ತು. ಆದರೆ ‘ಪ್ಯಾಸಾ’ ತಯಾರಾಗುತ್ತಿದ್ದ ದಿನಗಳಲ್ಲೇ ಅವರು ಮೊದಲ ಬಾರಿ ಜೀವ ಕಳೆದುಕೊಳ್ಳುವ ಯತ್ನ ಮಾಡಿದ್ದರು. ಆಗ ಅವರಿಗೆ ಮೂವತ್ತರ ಆಚೀಚೆ. ನಿದ್ರೆ ಬರುತ್ತಿರಲಿಲ್ಲ. ಒಂದು ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವುದು, ಶುರು ಮಾಡಿದ ಚಿತ್ರವನ್ನು ನಡುವೆ ಬಿಡುವುದು, ಒಂದು ದಿನ ಉತ್ಸಾಹ, ಇನ್ನೊಂದು ದಿನ ಮೌನ. ಜೊತೆಗಿದ್ದವರು ಇದನ್ನೆಲ್ಲ ಕಲಾವಿದನ ಸ್ವಭಾವ ಎಂದುಕೊಂಡರು. ಅವರ ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿ, ಬಹಳ ವರ್ಷಗಳ ನಂತರ ಒಂದು ಸಂಗತಿ ನೆನಪಿಸಿಕೊಂಡಿದ್ದಾರೆ. ಅಣ್ಣ ಕೆಲವೊಮ್ಮೆ ಮಾತನಾಡಬೇಕು ಬಾ ಎಂದು ಕರೆಯುತ್ತಿದ್ದರಂತೆ, ಹೋದರೆ ಏನೂ ಹೇಳದೆ ಸುಮ್ಮನೆ ಕೂರುತ್ತಿದ್ದರಂತೆ.

ಆರೈಕೆದಾರರು ಈ ಕಡೆಯ ಸಂಗತಿಯನ್ನು ಗಮನಿಸಬೇಕು. ಕರೆಯುವುದು, ಬಂದ ಮೇಲೆ ಏನೂ ಹೇಳದಿರುವುದು. ಮಾತು ಬಾಯಿಗೆ ಬರದಿದ್ದಾಗ ಎದುರಿಗಿರುವವರೇ ಕೇಳಬೇಕಾಗುತ್ತದೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಹಾಗೆ ಆಗುವುದಿಲ್ಲ ಎಂದು ಈ ವಿಷಯದ ಅಧ್ಯಯನಗಳು ತೋರಿಸಿವೆ. ಕೇಳಿದ್ದರಿಂದ ಹಗುರವಾದವರೇ ಹೆಚ್ಚು. ಖಿನ್ನತೆ ಎಂಬ ಪುಸ್ತಕದ ಪದ ಬೇಕಾಗಿಲ್ಲ. ನಮ್ಮ ಕರಾವಳಿಯವರು ಮಂಡೆಬೆಚ್ಚ ಎನ್ನುತ್ತಾರೆ, ಬಯಲುಸೀಮೆಯವರು ಬ್ಯಾಸರ ಎನ್ನುತ್ತಾರೆ, ಮುಂಬಯಿಯಲ್ಲಿ ಎಲ್ಲರೂ ಟೆನ್ಶನ್ ಎನ್ನುತ್ತಾರೆ. ಆ ಪದದಿಂದಲೇ ಶುರು ಮಾಡಿ. ಬಹಳ ದಿನದಿಂದ ಬೇಜಾರಲ್ಲಿದ್ದೀಯಲ್ಲ, ಬದುಕೇ ಬೇಡ ಅನಿಸುತ್ತಿದೆಯಾ ಎಂದು ಕೇಳಿ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ, ಮಕ್ಕಳ ಮುಖ ನೋಡು ಎನ್ನಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಅವರನ್ನು ಒಬ್ಬರನ್ನೇ ಬಿಡದೆ, 14416ಕ್ಕೆ ಕರೆ ಮಾಡಿ. ಕರೆ ನೀವೇ ಮಾಡಬಹುದು, ಅವರೇ ಮಾತನಾಡಬೇಕೆಂದಿಲ್ಲ.

1959ರಲ್ಲಿ ‘ಕಾಗಜ್ ಕೇ ಫೂಲ್’ ತೆರೆಗೆ ಬಂತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಹಿಂದಿನ ವರ್ಷವಷ್ಟೇ ನಮ್ಮ ಪವಾಯಿಯ ಐಐಟಿ ಸ್ಥಾಪನೆಯಾಗಿತ್ತು, ಇಲ್ಲಿ ಆಗಿನ್ನೂ ಕಾಡು ಕೆರೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಚಿತ್ರ ಸೋತಿತು. ಅದಾದ ಮೇಲೆ ಯಾವ ಚಿತ್ರಕ್ಕೂ ನಿರ್ದೇಶಕ ಎಂದು ಅವರು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಮುಂದಿನ ವರ್ಷವೇ ‘ಚೌದ್‌ವೀ ಕಾ ಚಾಂದ್’ ಚೆನ್ನಾಗಿ ಓಡಿ ಕಂಪನಿ ಚೇತರಿಸಿಕೊಂಡಿತು. ಸೋಲಿನಿಂದಲೇ ಅವರು ಕುಸಿದರು ಎಂದು ಹೇಳುವವರು ಈ ಗೆಲುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆಯ ಬಿರುಕಿನಿಂದ ಎನ್ನುವವರು, ಮದ್ಯದಿಂದ ಎನ್ನುವವರು, ಯಾರೋ ಒಬ್ಬರಿಂದ ಎಂದು ಹೆಸರು ಹೇಳುವವರು ಇಂದಿಗೂ ಇದ್ದಾರೆ. ಮೊದಲ ಯತ್ನ ನಡೆದಾಗ ಇವುಗಳಲ್ಲಿ ಕೆಲವು ಕಾರಣಗಳು ಹುಟ್ಟಿಯೇ ಇರಲಿಲ್ಲ. ಒಂದೇ ಕಾರಣ ಹುಡುಕುವುದು, ಒಬ್ಬರ ತಲೆಗೆ ಕಟ್ಟುವುದು ಎರಡೂ ತಪ್ಪು. ಉಳಿದ ಮನೆಯವರಿಗೆ ಅದು ಜೀವನಪೂರ್ತಿ ಹೊರೆಯಾಗುತ್ತದೆ.

‘ಸಾಹಿಬ್ ಬೀಬಿ ಔರ್ ಗುಲಾಂ’ ಬಂದದ್ದು 1962ರಲ್ಲಿ. ಆ ಚಿತ್ರದ ಕಾಲದಲ್ಲಿ ಎರಡನೇ ಯತ್ನ ನಡೆಯಿತು. ಮೂರು ದಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಎಚ್ಚರವಾದಾಗ ಮೊದಲು ಕರೆದದ್ದು ಪತ್ನಿ ಗೀತಾ ಹೆಸರನ್ನು ಎಂದು ಮನೆಯವರು ಹೇಳಿದ್ದಾರೆ. ಆಸ್ಪತ್ರೆಯ ವೈದ್ಯರು ಮನೋವೈದ್ಯರನ್ನು ಕಾಣಿಸಿ ಎಂದು ಸಲಹೆ ಕೊಟ್ಟರು. ಒಬ್ಬರನ್ನು ಕರೆಸಿದರು. ಒಂದು ಭೇಟಿಗೆ ಐನೂರು ರೂಪಾಯಿ. ಆ ಕಾಲಕ್ಕೆ ಅನೇಕರ ತಿಂಗಳ ಸಂಬಳಕ್ಕಿಂತ ದೊಡ್ಡ ಮೊತ್ತ. ಬರೀ ಮಾತನಾಡುವುದಕ್ಕೆ ಇಷ್ಟು ಹಣವೇ ಎಂದು ಮನೆಯಲ್ಲಿ ನಗುವೂ ಆಯಿತಂತೆ. ಆ ವೈದ್ಯರನ್ನು ಮತ್ತೆ ಕರೆಯಲಿಲ್ಲ.

ಇದನ್ನು ಹೇಳಿದ್ದು ಮನೆಯವರೇ, ದಶಕಗಳ ನಂತರ, ಸಂಕಟದಿಂದ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ರೋಗಿ ಎದ್ದು ಕೂತಿದ್ದಾರೆ, ಸೆಟ್ಟಿಗೆ ಹೋಗುತ್ತಿದ್ದಾರೆ, ಚಿತ್ರ ಮುಗಿದು ಹೆಸರು ಬಂದಿದೆ. ಇನ್ನು ಯಾಕೆ ಡಾಕ್ಟರು? ನನ್ನ ಕೌಂಟರಿನ ಮುಂದೆ ನಿಂತ ಅಕ್ಕ ಕೇಳಿದ್ದೂ ಇದನ್ನೇ.

ಕಾನೂನೂ ಆಗ ಮನೆಯವರ ಕಡೆ ಇರಲಿಲ್ಲ. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ, ಒಂದು ವರ್ಷದವರೆಗೆ ಸಜೆ ಆಗಬಹುದಿತ್ತು. ಪೊಲೀಸರ ಭಯಕ್ಕೆ ಎಷ್ಟೋ ಮನೆಗಳು ವಿಷಯವನ್ನೇ ಮುಚ್ಚಿಡುತ್ತಿದ್ದವು, ಮುಚ್ಚಿಟ್ಟ ಮೇಲೆ ಚಿಕಿತ್ಸೆಗೂ ಬಾಗಿಲು ಮುಚ್ಚಿದಂತೆ. ನಮ್ಮ ಭಾಷೆಯ ಪದದಲ್ಲೇ ಹತ್ಯೆ ಎಂಬುದು ಕೂತಿದೆ. ಅನುವಾದ ಮಾಡುವಾಗ ಪ್ರತಿ ಸಲ ಆ ಪದದ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ, ಬೇರೆ ಪದ ಜನಕ್ಕೆ ತಿಳಿಯದು ಎಂದು ಮತ್ತೆ ಅದನ್ನೇ ಬರೆಯುತ್ತೇನೆ.

ಈಗ ಪರಿಸ್ಥಿತಿ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 115ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ಎಂದು ಸಾಬೀತಾಗದ ಹೊರತು ವಿಚಾರಣೆ ಶಿಕ್ಷೆ ಇಲ್ಲ. ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರನ್ನು ಅವರ ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಮಾಡುವ ಯತ್ನವನ್ನು ಮಾತ್ರ ಅಪರಾಧವಾಗಿ ಉಳಿಸಿದ್ದಾರೆ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗಬಹುದು, ಅವರು ಬಂದು ನಾಲ್ಕು ಪ್ರಶ್ನೆ ಕೇಳಬಹುದು. ಅದಕ್ಕೆ ಹೆದರಿ ಆಸ್ಪತ್ರೆಗೆ ಕರೆದೊಯ್ಯುವುದನ್ನು ತಡಮಾಡಬೇಡಿ, ವೈದ್ಯರ ಹತ್ತಿರ ನಡೆದದ್ದನ್ನು ಮುಚ್ಚಿಡಬೇಡಿ.

ಇನ್ನು ಎರಡನೇ ಭೇಟಿಯ ವಿಷಯ. ಒಂದು ಯತ್ನದ ನಂತರ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ಮೊದಲ ಕೆಲವು ತಿಂಗಳು, ಬಹಳ ಎಚ್ಚರ ಬೇಕಾದ ಕಾಲ. ದೇಹ ಚೇತರಿಸಿಕೊಂಡಷ್ಟು ಬೇಗ ಮನಸ್ಸು ಚೇತರಿಸಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿಸಿತ್ತು, ನಮ್ಮ ಚೆನ್ನೈ ಅದರಲ್ಲಿ ಒಂದು ಊರು. ಯತ್ನದ ನಂತರ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ, ಮನೆಗೆ ಹೋಗುವ ಮೊದಲು ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಹೇಗಿದ್ದೀರಿ, ಏನಾದರೂ ಸಹಾಯ ಬೇಕಾ ಎಂದು ವಿಚಾರಿಸುವುದು, ಅಷ್ಟೇ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 2.2, ವಿಚಾರಿಸಿಕೊಂಡವರ ಗುಂಪಿನಲ್ಲಿ ಶೇ. 0.2. ದುಬಾರಿ ಔಷಧಿಯಲ್ಲ, ದೊಡ್ಡ ಯಂತ್ರವಲ್ಲ. ಔಷಧಿಯನ್ನೇ ನಂಬಿ ಓದಿದ ನನಗೆ ಈ ಅಂಕಿ ಮೊದಲ ಸಲ ಕಂಡಾಗ ಎರಡೆರಡು ಸಲ ಓದಿ ನೋಡಿದ್ದೆ.

ಗುರುದತ್ತ್ ಕಾಲದಲ್ಲಿ ಮುಂಬಯಿಯಲ್ಲಿ ಚಿಕಿತ್ಸೆಯೇ ಇರಲಿಲ್ಲ ಎಂದೇನಲ್ಲ. ಜೆ. ಜೆ. ಆಸ್ಪತ್ರೆಯಲ್ಲಿ 1938ರಲ್ಲೇ ಮನೋರೋಗದ ಹೊರರೋಗಿ ವಿಭಾಗ ಶುರುವಾಗಿತ್ತು. ಅವರು ಹುಟ್ಟಿದ ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ತೆರೆದಿತ್ತು. ಖಿನ್ನತೆಗೆಂದೇ ಇರುವ ಮೊದಲ ಔಷಧಿಗಳು 1950ರ ದಶಕದ ಕೊನೆಗೆ ಬಂದಿದ್ದವು. ಆದರೆ ಸಿರಿವಂತರ ಮನೆಗೆ ಸರ್ಕಾರಿ ಆಸ್ಪತ್ರೆಯ ಸಾಲು ಹೊಂದುತ್ತಿರಲಿಲ್ಲ, ಬಡವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಈಗಲೂ ಬಹಳ ಬದಲಾಗಿದೆ ಅನ್ನಲಾರೆ.

1963ರ ಹೊತ್ತಿಗೆ ಪಾಲಿ ಹಿಲ್ ಬಂಗಲೆಯನ್ನು ಅವರೇ ಕೆಡವಿಸಿದರು. ಸಂಸಾರ ಬೇರೆಯಾಯಿತು. ಕೊನೆಗೆ ಪೆಡ್ಡರ್ ರೋಡಿನ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಿದ್ರೆಗೆ ಮಾತ್ರೆ, ಸಂಜೆಗೆ ಮದ್ಯ. 1964ರ ಅಕ್ಟೋಬರ್ 10ರ ಬೆಳಿಗ್ಗೆ ಆ ಮನೆಯಲ್ಲಿ ಅವರು ತೀರಿಕೊಂಡಿದ್ದು ಗೊತ್ತಾಯಿತು. ವಯಸ್ಸು 39. ಮರುದಿನದ ಭೇಟಿಗಳು ನಿಗದಿಯಾಗಿದ್ದವು, ಹೊಸ ಚಿತ್ರದ ಮಾತು ನಡೆದಿತ್ತು, ಆದ್ದರಿಂದ ಅದು ಆಕಸ್ಮಿಕ ಎಂದೇ ಅವರ ಮಗ ಅರುಣ್ ನಂಬಿದ್ದರು. ಆಕಸ್ಮಿಕವೋ ಅಲ್ಲವೋ, ನನ್ನ ವೃತ್ತಿಯವರು ಹೇಳಬೇಕಾದ ಮಾತು ಒಂದೇ: ನಿದ್ರೆಯ ಮಾತ್ರೆ ಮತ್ತು ಮದ್ಯ ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ, ಎರಡನ್ನೂ ಯಾವ ಕಾರಣಕ್ಕೂ ಸೇರಿಸಬಾರದು.

ಆಗ ನಿದ್ರೆಗೆ ಹೆಚ್ಚಾಗಿ ಕೊಡುತ್ತಿದ್ದದ್ದು ಬಾರ್ಬಿಟ್ಯುರೇಟ್ ಗುಂಪಿನ ಮಾತ್ರೆಗಳು. ಅವು ಈಗ ನಿದ್ರೆಗೆ ಬಳಕೆಯಲ್ಲಿಲ್ಲ. ಈಗಿನ ನಿದ್ರೆ ಮಾತ್ರೆಗಳಲ್ಲಿ ಹೆಚ್ಚಿನವು ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಬೇಕೇ ಬೇಕು, ಅಂಗಡಿಯವರು ವೈದ್ಯರ ಹೆಸರು ರೋಗಿಯ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಇಲ್ಲದೆ ಕೊಡಿ ಎಂದು ನಮ್ಮನ್ನು ಗದರಬೇಡಿ, ಅದು ನಿಮ್ಮ ಮನೆಯವರಿಗಾಗಿಯೇ ಇರುವ ನಿಯಮ. ಮನೆಯಲ್ಲಿ ಯಾರಿಗಾದರೂ ಇಂಥ ಯೋಚನೆ ಇದ್ದರೆ, ಅವರ ಔಷಧಿ ಮಾತ್ರವಲ್ಲ, ಎಲ್ಲರ ಔಷಧಿಯೂ ಬೀಗದ ಕಪಾಟಿನಲ್ಲಿರಲಿ, ಕೀಲಿ ಒಬ್ಬರ ಹತ್ತಿರ ಇರಲಿ. ತಿಂಗಳದ್ದು ಒಟ್ಟಿಗೆ ತರುವ ಬದಲು ವಾರಕ್ಕಾಗುವಷ್ಟು ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು. ಅಜ್ಜನ ಕಾಲದಲ್ಲಿ ಉಳಿದ ಸ್ಟ್ರಿಪ್ಪು, ಕಳೆದ ವರ್ಷದ ಬಾಟಲಿ ಇಟ್ಟುಕೊಳ್ಳಬೇಡಿ. ಊರಿನ ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ ಅದಕ್ಕೂ ಇದೇ ಮಾತು. ಇದು ಅನುಮಾನ ಪಡುವುದಲ್ಲ. ಕಷ್ಟದ ಗಳಿಗೆ ಬಹಳ ಸಲ ಬಂದು ಹೋಗುವಂಥದ್ದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

ಖಿನ್ನತೆಯ ಮಾತ್ರೆ ಶುರುವಾಗಿದ್ದರೆ, ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ, ನಿದ್ರೆ ಕೆಡುವುದು ಹೆಚ್ಚಾದರೆ, ಅದರಲ್ಲೂ ಇಪ್ಪತ್ತೈದರ ಒಳಗಿನವರಲ್ಲಿ, ಮುಂದಿನ ತಾರೀಖಿಗೆ ಕಾಯದೆ ವೈದ್ಯರಿಗೆ ಫೋನು ಮಾಡಿ. ಗುಣವಾಯಿತೆಂದು ತಟ್ಟನೆ ನಿಲ್ಲಿಸಬೇಡಿ.

ಪವಾಯಿಯಲ್ಲಿರುವವರು ಎಲ್ಲಿಗೆ ಹೋಗಬೇಕು? ಖಾಸಗಿ ಆಸ್ಪತ್ರೆಗಳು ಸುತ್ತಮುತ್ತ ಇವೆ. ಹಣ ಹೊಂದಿಸಲು ಆಗದಿದ್ದರೆ ಕಾಂಜೂರ್‌ಮಾರ್ಗ್‌ನಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹತ್ತಿ ಸಯನ್‌ನಲ್ಲಿ ಇಳಿದರೆ ಲೋಕಮಾನ್ಯ ತಿಲಕ್ ಆಸ್ಪತ್ರೆ, ಎಲ್ಲರೂ ಸಯನ್ ಆಸ್ಪತ್ರೆ ಎನ್ನುವುದು. ಅದೇ ಗಾಡಿಯಲ್ಲಿ ಇನ್ನೂ ಮುಂದೆ ಪರೇಲ್‌ಗೆ ಹೋದರೆ ಕೆಇಎಂ. ಪಶ್ಚಿಮದ ಕಡೆಗೆ ಜುಹುವಿನ ಕೂಪರ್. ಇವೆಲ್ಲ ಮಹಾನಗರಪಾಲಿಕೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಮನೋವೈದ್ಯ ವಿಭಾಗ ಇದೆ, ಕೇಸ್ ಪೇಪರಿನ ಶುಲ್ಕ ಅಲ್ಪ. ಬೆಳಿಗ್ಗೆ ಬೇಗ ಹೋಗಿ, ಸಾಲು ಇರುತ್ತದೆ. ಹಳೆಯ ಚೀಟಿ, ಡಿಸ್ಚಾರ್ಜ್ ಕಾಗದ, ಈಗ ತೆಗೆದುಕೊಳ್ಳುವ ಎಲ್ಲ ಔಷಧಿಗಳ ಸ್ಟ್ರಿಪ್ಪು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಐಐಟಿ ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನ ಒಳಗೇ ಆಪ್ತಸಮಾಲೋಚನೆ ಇದೆ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸುವ ಐಕಾಲ್ ಎಂಬ ಸೇವೆ ಫೋನು ಮತ್ತು ಇಮೇಲಿನಲ್ಲಿ ಸಮಾಲೋಚನೆ ಕೊಡುತ್ತದೆ. ಆರೋಗ್ಯ ವಿಮೆ ಇದ್ದರೆ ಕಾಗದ ತೆಗೆದು ನೋಡಿ. ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಅದೇ 2017ರ ಕಾಯ್ದೆಯ 21ನೇ ಕಲಂ ಹೇಳುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯದಿದ್ದರೆ 14416, ಅಥವಾ 1800 891 4416. ಕರೆ ಮಾಡಿದಾಗ ಮೊದಲು ಯಂತ್ರದ ಧ್ವನಿ ಭಾಷೆ ಆರಿಸಲು ಹೇಳುತ್ತದೆ, ಕನ್ನಡ ಆರಿಸಿ. ಆಮೇಲೆ ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ, ಬೇಕಾದರೆ ಮನಃಶಾಸ್ತ್ರಜ್ಞರಿಗೆ, ಮನೋವೈದ್ಯರಿಗೆ ಜೋಡಿಸುತ್ತಾರೆ, ಎದುರು ಭೇಟಿ ಬೇಕಿದ್ದರೆ ಹತ್ತಿರದ ಆಸ್ಪತ್ರೆ ಹೇಳುತ್ತಾರೆ. ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ಒಂದೇ ಸಲ ಎಂಬ ಮಿತಿಯಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಇಡೀ ದೇಶದ ಈ ಸೇವೆಗೆ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್. ಶುರುವಾದದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ ಎಂದು. ಗುರುದತ್ತ್ ತೀರಿಕೊಂಡದ್ದೂ ಅದೇ ತಾರೀಖು. ಆ ದಿನ ಆರಿಸಿದವರಿಗೆ ಇದು ಗೊತ್ತಿತ್ತು ಎಂದಲ್ಲ, ಬರೀ ಕಾಕತಾಳೀಯ.

ಗೀತಾ ದತ್ತ್ ಎಂಟು ವರ್ಷದ ನಂತರ, 1972ರಲ್ಲಿ, ಲಿವರ್ ಕಾಯಿಲೆಯಿಂದ ತೀರಿಕೊಂಡರು. ಅವರಿಗೆ 41 ವರ್ಷ. ತಾಯಿ ವಾಸಂತಿ ಬಹಳ ಕಾಲ ಬದುಕಿದ್ದರು, ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಮನೆಯಲ್ಲಿ ಹೀಗೊಂದು ಸಾವು ಆದ ಮೇಲೆ ಉಳಿದವರಿಗೆ ದುಃಖದ ಜೊತೆ ತಪ್ಪಿತಸ್ಥ ಭಾವನೆಯೂ ಇರುತ್ತದೆ, ಜನರ ಮಾತೂ ಇರುತ್ತದೆ, ಅವರ ಆರೋಗ್ಯವೂ ಕೆಡುತ್ತದೆ. ವರ್ಷಗಳು ಕಳೆದಿದ್ದರೂ ಸರಿ, ಅವರೂ ಇದೇ ನಂಬರಿಗೆ ಕರೆ ಮಾಡಬಹುದು. ಕರೆ ಎತ್ತಿದವರು ಯಾಕೆ ಇಷ್ಟು ತಡ ಎಂದು ಕೇಳುವುದಿಲ್ಲ.